ಹೆಸರು ಸಾರ್-11, ಆದ್ರೆ ಸಾರು ಕಂಡ್ರೆ ಆಗಲ್ಲ! (ಕಡಲ ಕಥೆ, ಭಾಗ 4)

ಪ್ಲೇಟ್ ಮೇಲೆ ಕಾಲೊನಿ ಬಂದ್ರೆ ಖುಷಿ. ಬರಲಿಲ್ಲ ಅಂದ್ರೆ ರೆಕಾರ್ಡಲ್ಲಿ 'ನೋ ಗ್ರೋತ್' ಅಂತ ಬರೆದು ಮುಂದೆ ಹೋಗ್ತೀವಿ. ಈ ಅಭ್ಯಾಸ ತಪ್ಪು ಅಂತ ನನಗನ್ನಿಸುತ್ತೆ.

ಅಟ್ಲಾಂಟಿಕ್‌ನ ಸಾರ್ಗಾಸೊ ಸಮುದ್ರ ನೋಡಿ. ನೀರು ನೀಲಿ, ತಿಳಿ. ಯಾಕಂದ್ರೆ ಅಲ್ಲಿ ಪೋಷಕಾಂಶಗಳೇ ಕಡಿಮೆ, ನೈಟ್ರೇಟ್, ಫಾಸ್ಫೇಟ್ ಎರಡಕ್ಕೂ ಬರ. 1990ರಲ್ಲಿ ಅಲ್ಲಿನ ನೀರಿನ ಜೀನ್‌ಗಳಲ್ಲೇ ಸಾರ್-11 ಬ್ಯಾಕ್ಟೀರಿಯಾ ಗುಂಪು ಪತ್ತೆಯಾಯ್ತು. ಲ್ಯಾಬಲ್ಲಿ ಬೆಳೆದದ್ದು 2002ರಲ್ಲಿ, ಅದೂ ಬಹುತೇಕ ಬರೀ ಕಡಲ ನೀರಲ್ಲಿ. ಪುಷ್ಕಳ ಮೀಡಿಯಾ ಕೊಟ್ರೆ ಬೆಳೆಯೋದೇ ಇಲ್ಲ!

ಇದು ಬದುಕೋದು ಹೇಗೆ? ಉದ್ದ ಒಂದು ಮೈಕ್ರೋಮೀಟರೂ ಇಲ್ಲ. ಮೈ ಚಿಕ್ಕದಾದಷ್ಟೂ ಗಾತ್ರಕ್ಕೆ ಹೋಲಿಸಿದ್ರೆ ಹೊರಮೈ ಜಾಸ್ತಿ. ಅಂದ್ರೆ ಹೊಟ್ಟೆ ಸಣ್ಣದು, ಬಾಯಿ ಮೈತುಂಬಾ. ಎರಡು ಪೊರೆಗಳ ನಡುವೆ ಕಾದಿರೋ ಪ್ರೋಟೀನ್‌ಗಳು ಅಪರೂಪಕ್ಕೆ ಬರೋ ಅಣುವನ್ನ ಹಿಡಿದು ಒಳಪೊರೆಯ ಪಂಪಿಗೆ ಕೊಡ್ತವೆ. ಪಂಪ್ ಎಟಿಪಿ ಖರ್ಚು ಮಾಡಿ ಒಳಗೆ ಎಳ್ಕೊಳ್ಳುತ್ತೆ. ಜೀನೋಮ್ ಸುಮಾರು 13 ಲಕ್ಷ ಅಕ್ಷರ ಅಷ್ಟೇ. ಡಿಎನ್‌ಎ ಕಟ್ಟೋಕೂ ಸಾರಜನಕ, ರಂಜಕ ಬೇಕಲ್ವಾ? ಅಲ್ಲೂ ಉಳಿತಾಯ.

ಹೀಗೆ ಬದುಕೋ ಸಾರ್-11 ಕಡಲ ಮೇಲ್ಪದರದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿರೋ ಬ್ಯಾಕ್ಟೀರಿಯಾಗಳಲ್ಲೊಂದು. ನಮ್ಮ ಪ್ಲೇಟ್‌ಗೆ ಮಾತ್ರ ಅದು 'ನೋ ಗ್ರೋತ್'.

ಕಲಿಯೋಕೆ ಪ್ಲೇಟ್ ಬೇಕು, ಒಪ್ತೀನಿ. ಆದ್ರೆ ಇನ್ಮೇಲೆ ರೆಕಾರ್ಡಲ್ಲಿ 'ಈ ಮೀಡಿಯಾದಲ್ಲಿ ಬೆಳೆಯಲಿಲ್ಲ' ಅಂತ ಬರೆಯೋಣ. ಒಂದು ಪದ ಜಾಸ್ತಿ, ಆದ್ರೆ ಸತ್ಯ. ಬೆಳೀದೇ ಇದ್ದದ್ದು ಅದರ ತಪ್ಪೋ, ನಾವು ಬಡಿಸಿದ ಊಟದ ತಪ್ಪೋ? ನೀವೇ ಹೇಳಿ.