ಬರಲಿಲ್ಲವೆಂದು ದೂರುವ ಮುನ್ನ

ಲಂಡನ್ನಿನ ಲ್ಯಾಂಬೆತ್‌ನಲ್ಲಿ, ಥೇಮ್ಸ್ ನದಿಯ ದಂಡೆಯ ಮೇಲೆ, 2015ರ ನವೆಂಬರಿನಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣಗೊಂಡಾಗ ನಾವೆಲ್ಲ ಹೆಮ್ಮೆಪಟ್ಟೆವು. ಅದೇ ಲ್ಯಾಂಬೆತ್‌ನಲ್ಲಿ ಕೆರಿಬಿಯನ್ ದ್ವೀಪಗಳ, ಆಫ್ರಿಕದ ಮೂಲದ ಕಪ್ಪು ವರ್ಣದವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರ ಬಗ್ಗೆ ನಮ್ಮವರೂ ವಿಚಾರ ಮಾಡದೆ ಆಡುವ ಮಾತೊಂದಿದೆ: ಆ ಜನಕ್ಕೆ ಮನಸ್ಸಿನ ಕಾಯಿಲೆಯ ತಿಳಿವಳಿಕೆಯಿಲ್ಲ, ಪ್ರಾರ್ಥನೆ ಎನ್ನುತ್ತ ಕೂರುತ್ತಾರೆ, ಆಸ್ಪತ್ರೆಗೆ ಬರುವುದೇ ಇಲ್ಲ. ಈ ಮಾತನ್ನು ನಾನು ಒಪ್ಪಲಾರೆ.

ಬ್ರಿಟನ್ನಿನಲ್ಲಿ ಸರ್ಕಾರಿ ಚಿಕಿತ್ಸೆ ಉಚಿತ. ಹಣವಿಲ್ಲದೆ ಬರಲಿಲ್ಲ ಎನ್ನುವಂತಿಲ್ಲ. ಇನ್ನು ಲೆಕ್ಕ ನೋಡಿ. ಅಲ್ಲಿ 1983ರ ಮಾನಸಿಕ ಆರೋಗ್ಯ ಕಾಯ್ದೆಯಡಿ ರೋಗಿಯನ್ನು ಅವನ ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಯಲ್ಲಿ ಹಿಡಿದಿಡಬಹುದು. ಇಂಗ್ಲೆಂಡಿನಲ್ಲಿ 2022–23ರಲ್ಲಿ ಹೀಗೆ ಹಿಡಿದಿಟ್ಟ ಪ್ರಮಾಣ ಬಿಳಿಯರಲ್ಲಿ ಲಕ್ಷಕ್ಕೆ ಸುಮಾರು 64, ಕಪ್ಪು ವರ್ಣದವರಲ್ಲಿ ಸುಮಾರು 228. ಮೂರೂವರೆ ಪಟ್ಟು! ಎದುರು ಕೂರಿಸಿಕೊಂಡು ನೋವು ಕೇಳುವ ಆಪ್ತಸಲಹೆಯ ಕೋಣೆಗೆ ಇವರು ತಲುಪುವುದು ಕಡಿಮೆ, ಪೊಲೀಸರ ಕೈಯಿಂದ ಬೀಗ ಹಾಕಿದ ವಾರ್ಡಿಗೆ ತಲುಪುವುದು ಹೆಚ್ಚು. ಹಾಗಿದ್ದ ಮೇಲೆ ಬರುವುದಿಲ್ಲ ಎಂಬ ದೂರಿಗೆ ಅರ್ಥವೇನು?

ಬಂದವರಿಗೆ ಏನಾಯಿತು? ಜಮೈಕಾದಲ್ಲಿ ಹುಟ್ಟಿದ ಡೇವಿಡ್ ಬೆನೆಟ್ ವರ್ಷಗಟ್ಟಲೆ ಚಿಕಿತ್ಸೆಯಲ್ಲಿದ್ದವರು. ನಾರಿಚ್‌ನ ತಮ್ಮ ಚಿಕಿತ್ಸಾಲಯದಲ್ಲಿ ಇಷ್ಟು ಮಂದಿ ಕಪ್ಪು ರೋಗಿಗಳಿದ್ದರೂ ಸಿಬ್ಬಂದಿಯಲ್ಲಿ ಕಪ್ಪು ವರ್ಣದವರು ಒಬ್ಬರೂ ಇಲ್ಲವೆಂದು ಅವರೇ ಮೇಲಿನವರಿಗೆ ವಿನಯದಿಂದ ಪತ್ರ ಬರೆದಿದ್ದರು. (ತಿಳಿವಳಿಕೆಯಿಲ್ಲದವರು ಬರೆಯುವ ಪತ್ರವೇ ಅದು?) 1998ರ ಅಕ್ಟೋಬರ್ 30ರ ರಾತ್ರಿ ಇನ್ನೊಬ್ಬ ರೋಗಿ ಅವರ ಬಣ್ಣ ಹಿಡಿದು ಹೀಯಾಳಿಸಿದ, ಜಗಳವಾಯಿತು. ಬೇರೆ ವಾರ್ಡಿಗೆ ಕಳಿಸಿದ್ದು ಬೆನೆಟ್‌ರನ್ನು. ಸಿಟ್ಟಿನಲ್ಲಿ ಅವರು ದಾದಿಯೊಬ್ಬರಿಗೆ ಹೊಡೆದರು. ಹಲವರು ಸೇರಿ ಅವರನ್ನು ಬೋರಲು ಕೆಡವಿ ಸುಮಾರು 25 ನಿಮಿಷ ಅದುಮಿ ಹಿಡಿದರು. ಪ್ರಾಣ ಹೋಯಿತು, ವಯಸ್ಸು 38. ನ್ಯಾಯಮೂರ್ತಿ ಜಾನ್ ಬ್ಲೋಫೆಲ್ಡ್ ನೇತೃತ್ವದ ವಿಚಾರಣೆ ಆರೋಗ್ಯ ಸೇವೆಯೊಳಗೇ ವರ್ಣಭೇದ ಬೇರೂರಿದೆ ಎಂದು ಹೇಳಿತು, ಯಾರನ್ನೂ ಬೋರಲಾಗಿ ಮೂರು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದೆಂದು ಸಲಹೆ ಕೊಟ್ಟಿತು.

2010ರಲ್ಲಿ ಸೇನಿ ಲೂಯಿಸ್ ಎಂಬ 23ರ ಯುವಕ ಮನೆಯವರ ಜೊತೆ ತಾನಾಗಿಯೇ ಸಹಾಯ ಕೇಳಿ ಬಂದ. ದಕ್ಷಿಣ ಲಂಡನ್ನಿನ ಬೆತ್ಲೆಮ್ ರಾಯಲ್ ಆಸ್ಪತ್ರೆಯಲ್ಲಿ 11 ಪೊಲೀಸರು ಅವನನ್ನು ಅದುಮಿ ಹಿಡಿದರು. ಕೆಲವೇ ದಿನಗಳಲ್ಲಿ ತೀರಿಕೊಂಡ. ಹೆತ್ತವರು ವರ್ಷಗಟ್ಟಲೆ ಹೋರಾಡಿದ ಮೇಲೆ, ಮಾನಸಿಕ ಆಸ್ಪತ್ರೆಗಳಲ್ಲಿ ಬಲಪ್ರಯೋಗಕ್ಕೆ ಕಡಿವಾಣ ಹಾಕುವ ಕಾನೂನು 2018ರಲ್ಲಿ ಬಂತು.

ಅವರಲ್ಲಿ ಕಾಯಿಲೆಯ ನಾಚಿಕೆಯೂ ಇದೆ, ಪಾದ್ರಿಯ ಮೇಲಿನ ನಂಬಿಕೆಯೂ ಇದೆ. ಅದು ಯಾವ ಸಮುದಾಯದಲ್ಲಿಲ್ಲ? ಆದರೆ ಅಣ್ಣನನ್ನು ಪೊಲೀಸರು ಹೊತ್ತೊಯ್ದದ್ದನ್ನು ಕಂಡ ತಮ್ಮ ಆಸ್ಪತ್ರೆಗೆ ಹೆದರಿದರೆ ಅದನ್ನು ಅಜ್ಞಾನವೆನ್ನಲಾಗದು, ಅದು ಅನುಭವ. ಹೆದರಿದವನು ತಡಮಾಡುತ್ತಾನೆ, ತಡವಾದಾಗ ಕಾಯಿಲೆ ಕೆರಳುತ್ತದೆ, ಆಗ ಬಲವಂತ, ಮತ್ತಷ್ಟು ಭಯ. ಈ ಸುಳಿಯನ್ನು ಅಲ್ಲಿಯ ಸೇನ್ಸ್‌ಬರಿ ಕೇಂದ್ರದ ವರದಿ 2002ರಲ್ಲೇ ಬಿಡಿಸಿಟ್ಟಿತ್ತು. ಮೊದಲು ಬದಲಾಗಬೇಕಾದದ್ದು ಆಸ್ಪತ್ರೆ.

ಹಿಡಿದಿಡುವ ಶಿಫಾರಸಿಗೆ ಸಾಮಾನ್ಯವಾಗಿ ಇಬ್ಬರು ವೈದ್ಯರ ಸಹಿ ಬೇಕು. ಅಲ್ಲಿ ಕನ್ನಡದ ಮನೋವೈದ್ಯರೂ ಇದ್ದಾರೆ. ಅವರಿಗೆ ನನ್ನ ನೇರ ಪ್ರಶ್ನೆ: ಇದೇ ಸಿಟ್ಟು, ಇದೇ ಏರುದನಿ ಬಿಳಿಯನೊಬ್ಬನದಾಗಿದ್ದರೆ ನೀವು ಸಹಿ ಹಾಕುತ್ತಿದ್ದಿರಾ? ಉತ್ತರ ಬರೆದು ಕಳಿಸಲಿ, ಇದೇ ಪತ್ರಿಕೆಯಲ್ಲಿ ಅಚ್ಚಾಗಲಿ.