ಹಿಮದ ಹೊತ್ತು, ಹೊಳೆಯ ಹೊತ್ತು



ಮಳೆ ಹಿಂದೆ ಸರಿಯಿತೆಂದರೆ ನಮ್ಮ ಯುವಜನರಿಗೆ ಗುಡ್ಡ ಹತ್ತುವ ಉತ್ಸಾಹ. ಪೂಜೆ ಮುಗಿದು ಅಂಗಳಕ್ಕೆ ಇಳಿಯುವಷ್ಟರಲ್ಲಿ ರಾಣಿಪುರವೋ ನೀಲಗಿರಿಯೋ ಎಂಬ ಚರ್ಚೆ ಶುರು. ಸಂತೋಷವೇ. ಈ ಸಲ ಅವರಿಗಾಗಿ, ಅವರ ತಂದೆತಾಯಿಗಳಿಗಾಗಿಯೂ, ಬಹು ದೂರದ ಒಂದು ಬೆಟ್ಟದ ದಾರಿಯ ವಿಷಯ ಬರೆಯುತ್ತೇವೆ.

ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸಿಯೆರಾ ನೆವಾಡ ಎಂಬ ಪರ್ವತಸಾಲು ಇದೆ. ಮೆಕ್ಸಿಕೊ ಗಡಿಯಿಂದ ಕೆನಡಾದವರೆಗೆ 4,265 ಕಿಲೋಮೀಟರ್ ಉದ್ದದ ಪೆಸಿಫಿಕ್ ಕ್ರೆಸ್ಟ್ ಕಾಲುದಾರಿ ಇದರ ಮೇಲೆ ಹಾಯ್ದು ಹೋಗುತ್ತದೆ. ಅದರಲ್ಲಿ ಮ್ಯೂರ್ ಪಾಸ್ ದಾಟುವ ಒಂದು ದಿನವನ್ನಷ್ಟೇ ನೋಡೋಣ. ಕೆಳಗಿನ ಲೆ ಕಾಂಟ್ ಕಣಿವೆಯಿಂದ ಸುಮಾರು 1,000 ಮೀಟರ್ ಏರಿದರೆ 3,644 ಮೀಟರ್ ಎತ್ತರದ ಪಾಸ್. ನಮ್ಮ ದೊಡ್ಡಬೆಟ್ಟ 2,637 ಮೀಟರ್ ಎಂದು ನೆನಪಿಟ್ಟುಕೊಂಡರೆ ಅಂದಾಜು ಸಿಗುತ್ತದೆ. ಬೆನ್ನ ಮೇಲೆ ಹಲವು ದಿನಗಳ ಅಕ್ಕಿಬೇಳೆಯ ಹೊರೆ ಬೇರೆ. ಅಲ್ಲಿ ಅಂಗಡಿ ಎಲ್ಲಿಂದ ಬರಬೇಕು? ಮೇಲೆ 1930ರಲ್ಲಿ ಕಟ್ಟಿದ ಒಂದು ಕಲ್ಲುಗುಡಿಸಲು ಇದೆ, ಬಿರುಗಾಳಿಗೆ ಸಿಕ್ಕವರಿಗೆಂದು.

ಈ ಪಾಸಿನ ಎರಡು ಮಗ್ಗುಲಿನ ನೀರಿನ ಹೆಸರು ನಮಗೆ ಬಹಳ ಹಿಡಿಸಿತು. ಒಂದು ಕಡೆ ಹರಿಯುವುದು ಕಿಂಗ್ಸ್ ನದಿಗೆ. ಸ್ಪೇನಿನವರು ಇಟ್ಟ ಮೊದಲ ಹೆಸರು ‘ಪವಿತ್ರ ರಾಜರ ನದಿ’, ಅಂದರೆ ನಮ್ಮ ಮೂರು ರಾಯರು. ಇನ್ನೊಂದು ಕಡೆ ಹರಿಯುವುದು ಸಾನ್ ಹೊಆಕಿನ್ ನದಿಗೆ. ಮರಿಯಮ್ಮನವರ ತಂದೆ ಸಂತ ಜೋಕಿಮರ ಹೆಸರು. ಆದರೆ ನಡುವಿನ ಶಿಖರಗಳಿಗೆ ಡಾರ್ವಿನ್, ಹಕ್ಸ್‌ಲಿ ಎಂದು ಹೆಸರು, ಹಳ್ಳಕ್ಕೆ ಎವಲ್ಯೂಷನ್ ಕ್ರೀಕ್! ಎಲ್ಲರೂ ಜಗಳವಿಲ್ಲದೆ ಅಕ್ಕಪಕ್ಕದಲ್ಲೇ ಇದ್ದಾರೆ.

ಕಷ್ಟ ಇರುವುದು ಈ ಹಳ್ಳದಲ್ಲಿ. ಬೇಸಿಗೆಯ ಆರಂಭದಲ್ಲಿ ಪಾಸಿನ ಮೇಲೆ ಇನ್ನೂ ಹಿಮ. ಬೆಳಗಿನ ಜಾವ ಅದು ಗಟ್ಟಿ, ಮೇಲೆ ನಡೆಯಬಹುದು. ಬಿಸಿಲೇರಿದರೆ ಮೊಣಕಾಲು, ಕೆಲವೊಮ್ಮೆ ತೊಡೆಯವರೆಗೆ ಹೂತುಹೋಗುತ್ತದೆ. ಹಾಗಾಗಿ ಕತ್ತಲಿರುವಾಗಲೇ ಎದ್ದು ಹೊರಡಬೇಕು. ಆದರೆ ಅದೇ ಬಿಸಿಲು ಕರಗಿಸಿದ ನೀರು ಕೆಳಗಿನ ಹಳ್ಳಗಳಲ್ಲಿ ತುಂಬಿ ಬರುವುದು ಮಧ್ಯಾಹ್ನದಿಂದ ಸಂಜೆಗೆ. ಪಾಸ್ ಇಳಿದು, ಇಪ್ಪತ್ತು ಕಿಲೋಮೀಟರ್ ನಡೆದು, ಕಾಲು ಸೋತು ಹಳ್ಳದ ಬಳಿ ಬರುವ ಹೊತ್ತಿಗೆ ನೀರಿಗೆ ಅತ್ಯಂತ ರಭಸ. ಬಲ್ಲವರು ಅಲ್ಲೇ, ಈಚೆ ದಡದಲ್ಲೇ, ಡೇರೆ ಹಾಕಿ ಮಲಗುತ್ತಾರೆ. ರಾತ್ರಿಯ ಚಳಿಗೆ ಕರಗುವುದು ಕಡಿಮೆಯಾಗಿ ಬೆಳಿಗ್ಗೆ ನೀರು ಇಳಿದಿರುತ್ತದೆ. ಇಲ್ಲವೇ ಮೇಲಿನ ಹುಲ್ಲುಗಾವಲಿಗೆ ಹೋಗಿ, ನೀರು ಅಗಲವಾಗಿ ನಿಧಾನ ಹರಿಯುವಲ್ಲಿ ದಾಟುತ್ತಾರೆ. ಇಷ್ಟು ನಡೆದ ಮೇಲೆ ಇನ್ನೊಂದು ಮೂವತ್ತು ಅಡಿಗಾಗಿ ರಾತ್ರಿಯೆಲ್ಲ ಕಾಯುವುದು ನಡೆಯುವುದಕ್ಕಿಂತ ಕಷ್ಟ ಎಂದೇ ನಮ್ಮ ಎಣಿಕೆ.

2017ರಲ್ಲಿ ಅಲ್ಲಿ ಭಾರೀ ಹಿಮ ಬಿದ್ದಿತ್ತು. ಆ ಬೇಸಿಗೆಯಲ್ಲಿ ಈ ಕಾಲುದಾರಿ ನಡೆಯುತ್ತಿದ್ದ ಇಬ್ಬರು ಯುವತಿಯರು ಸಿಯೆರಾದ ಬೇರೆ ಬೇರೆ ಹೊಳೆಗಳಲ್ಲಿ ಕೊಚ್ಚಿಹೋಗಿ ತೀರಿಕೊಂಡರು. ಇಬ್ಬರೂ ನೂರಾರು ಕಿಲೋಮೀಟರ್ ನಡೆದು ಪಳಗಿದವರು. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ಮೊಣಕಾಲುದ್ದದ ನೀರೂ ಆಳನ್ನು ಕೆಡವಬಲ್ಲದು.

ಅಲ್ಲಿಯ ಹಳ್ಳಕ್ಕೆ ಹೊತ್ತುಗೊತ್ತಾದರೂ ಉಂಟು. ನಮ್ಮ ಘಟ್ಟದ ತೋಡುಗಳಿಗೆ ಅದೂ ಇಲ್ಲ. ನಾವು ನಿಂತಲ್ಲಿ ಬಿಸಿಲು, ಮೇಲೆ ಎಲ್ಲೋ ಮಳೆ, ಗಳಿಗೆಯಲ್ಲಿ ನೀರು ಏರುತ್ತದೆ. ತಿಳಿನೀರು ಕೆಂಪಾಗುವುದು, ತರಗೆಲೆ ಕಡ್ಡಿ ತೇಲಿ ಬರುವುದು, ಸದ್ದು ದಪ್ಪವಾಗುವುದು: ಇವು ಕಂಡರೆ ಬಂಡೆಯ ಮೇಲೆ ಫೋಟೊ ತೆಗೆಯುತ್ತ ನಿಲ್ಲಬಾರದು. ಸಂಕ ಇದ್ದಲ್ಲಿ, ಸ್ವಲ್ಪ ಸುತ್ತಾದರೂ, ಸಂಕದಲ್ಲೇ ದಾಟಿರಿ. ನೀರಿಗೆ ಇಳಿಯಲೇಬೇಕಾದರೆ ಚಪ್ಪಲಿ ಬಿಚ್ಚಬೇಡಿ, ಚೀಲದ ಸೊಂಟಪಟ್ಟಿ ಬಿಚ್ಚಿರಿ, ಕೋಲು ಊರಿ, ಹರಿವಿಗೆ ಮುಖಮಾಡಿ ಅಡ್ಡಡ್ಡ ಹೆಜ್ಜೆ ಇಡಿ. ಕೆಳಗೆ ಅಬ್ಬಿ ಇದ್ದಲ್ಲಿ ಇಳಿಯಲೇಬೇಡಿ.

“ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತೇವೆ ಫಾದರ್” ಎನ್ನುತ್ತಾರೆ ಹುಡುಗರು. ಅದು ಇನ್ನೂ ಅಪಾಯ. ಬಿದ್ದವನನ್ನು ಹಗ್ಗ ಹಿಡಿದು ನಿಲ್ಲಿಸುತ್ತದೆ, ನೀರು ಅವನನ್ನು ಅಡಿಗೆ ಒತ್ತುತ್ತದೆ.