ಎರವಿನ ಹಿಮಾಲಯ

ಬೆಂಗಳೂರಿನವರಾದ ನಮಗೆ ಒಂದು ಹಳೆಯ ಹೆಮ್ಮೆಯುಂಟು. ನಮ್ಮೂರಿನಲ್ಲಿ ಬೀಸಣಿಗೆಯೂ ಬೇಡವೆಂಬುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ಕುಳಿತು, ಬಯಲುಸೀಮೆಯ ನಂಟರ ಬೆವರನ್ನು ಕುರಿತು ಕನಿಕರಪಡುವುದು ನಮ್ಮ ಹಿರಿಯರಿಗೆ ಒಂದು ವಿನೋದವೇ ಆಗಿದ್ದಿತು. 2016ರ ಏಪ್ರಿಲ್ ತಿಂಗಳಲ್ಲಿ ಉಷ್ಣಮಾಪಕವು 39.2 ಡಿಗ್ರಿಯನ್ನು ತೋರಿಸಿದಂದು ಆ ಹೆಮ್ಮೆ ಕರಗಿತು. ಈಗ ಯಲಹಂಕ ಉಪನಗರದ ನಮ್ಮ ಮನೆಯ ಮಹಡಿಯ ಕಿಟಕಿಯಲ್ಲಿಯೂ ಮುಕ್ಕಾಲು ಟನ್ನಿನ ಒಂದು ಏ.ಸಿ. ಯಂತ್ರ ಬಂದು ಕುಳಿತಿದೆ. ಅದು ಒಂದು ಬೇಸಗೆಯಲ್ಲಿ ತನ್ನ ಪೀಠದಿಂದಿಳಿದು ತೀರ್ಥಯಾತ್ರೆಗೆ ಹೊರಟ ಕಥೆಯನ್ನು ವಾಚಕರ ಮುಂದಿಡಬೇಕೆನಿಸಿದೆ.

ನನ್ನ ಭಾವಮೈದುನನ ಬಳಿ ಒಂದು ಗಾಲಿಯ ಮನೆಯಿದೆ. ನಿಲ್ಲಿಸಿದ ಕಡೆ ಆ ವ್ಯಾನಿನ ಮಾಡನ್ನು ಮೇಲೆತ್ತಿದರೆ ಸುತ್ತಲೂ ಕ್ಯಾನ್ವಾಸಿನ ಗೋಡೆ ಬಿಚ್ಚಿಕೊಂಡು, ನಾಲ್ವರು ಮಲಗುವಷ್ಟು ಡೇರೆಯಾಗುತ್ತದೆ. ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಗಾಣಗಾಪುರಕ್ಕೆ ಹೋಗಿ, ಭೀಮಾ ಮತ್ತು ಅಮರಜಾ ನದಿಗಳ ಸಂಗಮದಲ್ಲಿ ಮಿಂದು, ದತ್ತನ ಪಾದುಕೆಗಳ ದರ್ಶನ ಮಾಡಬೇಕೆಂಬುದು ಅವರ ಬಹುಕಾಲದ ಹರಕೆ. ಲಾಡ್ಜಿನಲ್ಲಿ ತಂಗಿದರೆ ಮಡಿಗೆ ಭಂಗ. ಮೊಮ್ಮಕ್ಕಳಿಗೆ ರಜೆ ಸಿಕ್ಕುವುದು ಮೇ ತಿಂಗಳಿನಲ್ಲಿ. ಆ ತಿಂಗಳಲ್ಲಿ ಕಲಬುರಗಿಯ ಕಡೆ 42 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ವೈದ್ಯರು ಅತ್ತೆಯವರ ರಕ್ತದೊತ್ತಡವನ್ನು ನೋಡಿ, "ಹಗಲಿನ ಬಿಸಿಲಿಗೆ ನೆರಳುಂಟು, ರಾತ್ರಿಯೂ ಕಾವು ಇಳಿಯದಿದ್ದರೆ ವಯಸ್ಸಾದ ದೇಹ ತಾಳಲಾರದು. ತಂಪಾಗಿ ಮಲಗುವ ಏರ್ಪಾಡಿದ್ದರೆ ಮಾತ್ರ ಹೋಗಿ" ಎಂದರು.

ಭಾವಮೈದುನನು ಕೂಡಲೇ ನಮ್ಮ ಮಹಡಿಯ ಕಡೆ ಕೈ ತೋರಿಸಿದನು. "ಬಟ್ಟೆಯ ಮನೆಗೆ ಏ.ಸಿ.ಯೇ?" ಎಂದು ನಾನು ನಕ್ಕೆ. "ಏಕಾಗಬಾರದು, ಭಾವ? ನಮ್ಮ ಯಲಹಂಕದ ವಾಯುನೆಲೆಯ ವೈಮಾನಿಕ ಪ್ರದರ್ಶನಕ್ಕೆ ಐದೇ ದಿನಗಳ ಮಟ್ಟಿಗೆ ಎಂತೆಂತಹ ಮಂಟಪಗಳನ್ನು ಎಬ್ಬಿಸಿ ತಂಪು ಮಾಡುತ್ತಾರೆ, ನೋಡಿಲ್ಲವೇ?" ಎಂದನು. 1996ರಿಂದ ನಡೆದುಬಂದಿರುವ ಆ ಪ್ರದರ್ಶನವನ್ನು ಅಲ್ಲಗಳೆಯುವುದು ನನ್ನಿಂದಾಗಲಿಲ್ಲ.

ಈ ಯಂತ್ರದ ಹುಟ್ಟು ಸ್ವಾರಸ್ಯವಾದುದು. 1902ರಲ್ಲಿ ಅಮೆರಿಕದ ಬ್ರೂಕ್ಲಿನ್ನಿನ ಒಂದು ಮುದ್ರಣಾಲಯದಲ್ಲಿ ಗಾಳಿಯ ತೇವದಿಂದ ಕಾಗದವು ಹಿಗ್ಗಿ ಕುಗ್ಗಿ, ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂಡದಾಯಿತು. ಆ ತೇವವನ್ನು ಹತೋಟಿಗೆ ತರಲು ವಿಲಿಸ್ ಕ್ಯಾರಿಯರ್ ಎಂಬ ತರುಣ ಎಂಜಿನಿಯರನು ಹೂಡಿದ ಉಪಾಯವೇ ಇಂದಿನ ಹವಾನಿಯಂತ್ರಣಕ್ಕೆ ಮೂಲ. ವಾರಪತ್ರಿಕೆಯ ಬಣ್ಣದ ಚಿತ್ರಕ್ಕೂ ನಮ್ಮ ಅತ್ತೆಯವರ ನಿದ್ರೆಗೂ ಹೀಗೊಂದು ನಂಟು! ಇನ್ನು 'ಟನ್' ಎಂಬುದು ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕರಗುವಾಗ ಹೀರುವ ಶಾಖದ ಅಳತೆ.

ಯಂತ್ರವು ತಂಪನ್ನು ಸೃಷ್ಟಿಸುವುದಿಲ್ಲ, ಒಳಗಿನ ಕಾವನ್ನು ಹೊತ್ತು ಹೊರಗೆ ಚೆಲ್ಲುತ್ತದೆ. ಆದುದರಿಂದ ಅದರ ಬೆನ್ನು ಬಯಲಿನಲ್ಲಿಯೇ ಇರಬೇಕು. ಹಲವು ಮಣ ಭಾರದ ವಸ್ತುವನ್ನು ಬಟ್ಟೆಗೆ ತೂಗುಹಾಕಲಾದೀತೆ? ಆರ್.ಟಿ. ನಗರದ ಬಡಗಿಯೊಬ್ಬರು ನೆಲದಿಂದ ನಿಲ್ಲುವ ಮರದ ಕಾಲುಮಣೆಯೊಂದನ್ನು ಮಾಡಿಕೊಟ್ಟರು. ಕ್ಯಾನ್ವಾಸಿನ ಕಿಟಕಿಯ ಅಳತೆಗೆ ಪ್ಲೈವುಡ್ ಹಲಗೆಯನ್ನು ಕೊಯ್ದು, ನಡುವೆ ಯಂತ್ರದ ಗಾತ್ರದ ಕಂಡಿ ತೆರೆದು, ಸಂದುಗಳಿಗೆಲ್ಲ ಸ್ಪಂಜಿನ ಪಟ್ಟಿ ಒತ್ತಿದೆವು. ವಾಹನಕ್ಕೆ ಒಂದು ಮೊಳೆಯನ್ನೂ ಹೊಡೆಯಲಿಲ್ಲ. ಓಡುವಾಗ ಯಂತ್ರವು ಕೆಳಗೆ ಹಗ್ಗದ ಕಟ್ಟಿನಲ್ಲಿ. ನಿಂತಾಗ ಮಾತ್ರ ಪೀಠಾರೋಹಣ. ಮೊದಲ ದಿನ ಅದನ್ನು ಒಳಕ್ಕೆ ವಾಲಿಸಿದ್ದರಿಂದ ಇಂಗಿದ ನೀರೆಲ್ಲ ಹಾಸಿಗೆಯ ಮೇಲೆ ಇಳಿಯಿತು. ಮರುದಿನ ಹೊರಕ್ಕೆ ಒಂದು ಬೆರಳಷ್ಟು ಓರೆ ಕೊಟ್ಟೆವು. ನೀರು ಮಲ್ಲಿಗೆಯ ಗಿಡಕ್ಕೆ ಬಿತ್ತು.

ವಿದ್ಯುತ್ತಿನ ಪ್ರಶ್ನೆಯೇ ನಿಜವಾದ ಪರೀಕ್ಷೆ. ಮುಕ್ಕಾಲು ಟನ್ನಿನ ಯಂತ್ರ ಸುಮಾರು 900 ವಾಟ್ ಬೇಡುತ್ತದೆ. 12 ವೋಲ್ಟಿನ, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿರುವುದೇ 1,200 ವಾಟ್-ಅವರ್. ಒಂದು ಗಂಟೆ ಕಳೆದು ಸ್ವಲ್ಪ ಹೊತ್ತಿಗೆ ಅದು ಕೈಯೆತ್ತೀತು. ಆದ್ದರಿಂದ ಭಾವಮೈದುನನು ಪೆಟ್ರೋಲಿನ ಜನರೇಟರೊಂದನ್ನು ಎರವಲು ತಂದನು. ಪರೀಕ್ಷೆಯ ರಾತ್ರಿ ಅದನ್ನು ಮನೆಯ ಅಂಗಳದಲ್ಲಿ, ಡೇರೆಗೆ ನಾಲ್ಕೇ ಹೆಜ್ಜೆ ದೂರದಲ್ಲಿಟ್ಟೆವು. ಅತ್ತೆಯವರು ಒಳಗೆ ಮಲಗಿದರು. ತಂಪು ಸೊಗಸಾಗಿದ್ದಿತು. ನಾವಿಬ್ಬರೂ ಜಗುಲಿಯ ಮೇಲೆ ಕುಳಿತು ನಮ್ಮ ಜಾಣ್ಮೆಯನ್ನು ನಾವೇ ಹೊಗಳಿಕೊಳ್ಳುತ್ತಿದ್ದೆವು.

ಅರ್ಧ ಗಂಟೆಯ ಬಳಿಕ ನನ್ನ ಮನೆಯಾಕೆ ಹಾಲು ಕೊಡಲು ಹೋದವಳು ಕೂಗಿಕೊಂಡಳು. ಅತ್ತೆಯವರು ತಲೆ ಹಿಡಿದುಕೊಂಡು ಕುಳಿತಿದ್ದರು. "ತಲೆ ಸುತ್ತುತ್ತಿದೆ, ಓಕರಿಕೆ ಬರುತ್ತಿದೆ, ಏಳಲಾಗುತ್ತಿಲ್ಲ" ಎಂದರು. ಅವಳು ಕ್ಯಾನ್ವಾಸನ್ನು ಸರ್ರನೆ ಎಳೆದು ತೆರೆದು, ತಾಯಿಯನ್ನು ತಬ್ಬಿ ಬಯಲಿಗೆ ತಂದಳು. ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಪ್ರಾಣವಾಯುವಿನ ಸ್ಥಾನವನ್ನೇ ಆಕ್ರಮಿಸುತ್ತದೆ. ನಿದ್ರೆಯಲ್ಲಿದ್ದವರಿಗೆ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಬಟ್ಟೆಯ ಗೋಡೆ ಅದಕ್ಕೆ ತಡೆಯಲ್ಲ. ಆ ರಾತ್ರಿಯೇ ಆಸ್ಪತ್ರೆಗೆ ಕರೆದೊಯ್ದೆವು. ಪ್ರಾಣವಾಯು ಕೊಟ್ಟು, ಬೆಳಗಿನವರೆಗೆ ನೋಡಿಕೊಂಡು, ಅಪಾಯವಿಲ್ಲವೆಂದು ಕಳುಹಿಸಿದರು. ನಾವು ಹೊರಗಿನ ಬೆಂಚಿನ ಮೇಲೆ ಕಳೆದ ಆ ಗಂಟೆಗಳನ್ನು ಇಲ್ಲಿ ವರ್ಣಿಸಲಾರೆ. ತಾಯಿಯನ್ನು ಕಾವಿನಿಂದ ಕಾಪಾಡಹೊರಟು ನಾವು ಮಾಡುತ್ತಿದ್ದುದೇನು!

ಯಾತ್ರೆಯ ಮಾತನ್ನು ನಾವು ಬಿಟ್ಟರೂ ಅತ್ತೆಯವರು ಬಿಡಲಿಲ್ಲ. ಜನರೇಟರು ಬಂದ ದಾರಿಗೆ ಹಿಂದಿರುಗಿತು. ವ್ಯಾನನ್ನು ಕಲಬುರಗಿಯ ನಂಟರ ಅಂಗಳದಲ್ಲಿ ಮಾತ್ರ ನಿಲ್ಲಿಸುವುದು, ಅವರ ಮನೆಯ 16 ಆಂಪಿಯರ್ ಪ್ಲಗ್ಗಿನಿಂದ ದಪ್ಪ ತಂತಿಯಲ್ಲಿ, ಅರ್ತಿಂಗ್ ಸಹಿತ ವಿದ್ಯುತ್ತು ಪಡೆಯುವುದು, ತಂತಿಯ ಸುರುಳಿಯನ್ನು ಪೂರ್ತಿ ಬಿಚ್ಚಿಡುವುದು ಎಂದು ನನ್ನಾಕೆ ಶಾಸನ ವಿಧಿಸಿದಳು. ಸುರುಳಿ ಸುತ್ತಿಟ್ಟ ತಂತಿ ಬಿಸಿಯೇರುತ್ತದೆಂಬುದು ನಮಗಿಂತ ಮೊದಲು ಅವಳಿಗೆ ತಿಳಿದಿತ್ತು. ಹಗಲಿಗೆ ಲಾವಂಚದ ತಟ್ಟಿಯನ್ನು ಕಟ್ಟಿ ನೀರು ಚಿಮುಕಿಸಿದರಾಯಿತು. ಒಣಗಾಳಿಯ ಆ ಸೀಮೆಯಲ್ಲಿ ನೀರು ಬೇಗನೆ ಆರಿ ತಂಪೂ ಬೇಗನೆ ಹುಟ್ಟುತ್ತದೆ.

ನಾಲ್ಕು ರಾತ್ರಿಗಳ ಯಾತ್ರೆ ನಿರ್ವಿಘ್ನವಾಗಿ ಮುಗಿಯಿತು. ಬೆಳಗಿನ ಜಾವದಲ್ಲಿಯೇ ಸಂಗಮಸ್ನಾನ, ಬಿಸಿಲೇರುವ ಮೊದಲೇ ದರ್ಶನ. ಯಂತ್ರವು ಮತ್ತೆ ಮಹಡಿಯ ಕಿಟಕಿಯನ್ನೇರಿದೆ. ಕಂಡಿಯ ಹಲಗೆ ಅಟ್ಟದ ಮೇಲಿದೆ. ಹಿಂದಿರುಗಿದ ದಿನ ನೆರೆಯವರು ಬಂದು, "ಆ ಉರಿಯಲ್ಲಿ ಹೇಗೆ ಮಲಗಿದಿರಿ, ಅಮ್ಮ?" ಎಂದು ಕೇಳಿದಾಗ ಅತ್ತೆಯವರು ನನ್ನ ಕಡೆ ನೋಡಿ, "ಅಳಿಯಂದಿರು ಏರ್ಪಾಡೇನೋ ಚೆನ್ನಾಗಿಯೇ ಮಾಡಿದ್ದರು. ಆದರೆ ಒಂದು ಕಂಬಳಿ ಮಾತ್ರ ಸಾಲದೇ ಹೋಯಿತು" ಎಂದರು.